ಎರಡು ಬೆರಳು ಸಡಿಲ

ಕೊಬ್ಬರಿ ವ್ಯಾಪಾರದಲ್ಲಿ ನಾನು ಮೋಸ ಹೋದದ್ದು ಕಡಿಮೆ. ಹಿರಿಯೂರಿನಲ್ಲಿ ಮೂಟೆ ಹೊತ್ತು ಶುರುಮಾಡಿ ಮಂಡಿ ಇಟ್ಟವನು. ಆದರೆ ಮಾರಿಕಣಿವೆ ದಾರಿಯ ನಮ್ಮೂರಿನ ವೀರಭದ್ರ ದೇವರ ವಿಷಯದಲ್ಲಿ ನನ್ನ ಜಾಣತನ ನನಗೇ ತಿರುಗಿಬಿತ್ತು.

ವರ್ಷಗಳ ಹಿಂದೆ ಗುಡಿಯಿಂದ ಪಂಚಲೋಹದ ಮೂರ್ತಿ ಕಳುವಾಯಿತು. ಅದರ ಬೆಳ್ಳಿ ಕವಚ ಪೂಜೆಯ ಅಯ್ನೋರ ಮನೆ ಪೆಟ್ಟಿಗೆಯಲ್ಲಿತ್ತು, ಉಳಿಯಿತು. "ಪೊಲೀಸು, ಕೋರ್ಟು ಅಂತ ಅಲೆದ್ರೆ ಊರಿನ ಮರ್ಯಾದೆ ಹೋಗ್ತತೆ, ಹೊಸದು ಮಾಡಿಸಾಣ" ಎಂದವನು ನಾನೇ. ಶಿಲ್ಪಿಯ ಹತ್ತಿರ ಚೌಕಾಸಿ ಮಾಡಿ, ಎರಡು ಬೆರಳು ಸಣ್ಣದಾದರೂ ನಡೆಯುತ್ತದೆ ಎಂದು ಮುಗಿಸಿದವನೂ ನಾನೇ.

ಹೋದ ವರ್ಷ ದುರ್ಗದಿಂದ ಪುರಾತತ್ವ ಇಲಾಖೆಯ ಅಧಿಕಾರಿಯೊಬ್ಬರು ಬಂದು ಮೊಬೈಲಿನಲ್ಲಿ ಚಿತ್ರ ತೋರಿಸಿದರು. ವಿದೇಶದ ಮ್ಯೂಸಿಯಮ್ಮಿನಲ್ಲಿರುವ ವೀರಭದ್ರ. ಎಡಗಾಲಿನ ಸವೆದ ಹೆಬ್ಬೆರಳು ಕಂಡದ್ದೇ ತಡ, ಅಯ್ನೋರು "ಇದು ನಾನು ದಿನಾ ತೊಳೀತಿದ್ದ ಕಾಲು ಕಣ್ರಿ" ಎಂದು ಅತ್ತುಬಿಟ್ಟರು.

"ಎರಡೂ ಸರ್ಕಾರ ಮಾತಾಡ್ಕಂಡವೆ, ಕೊಡಕ್ಕೆ ಅವ್ರೂ ತಯಾರು" ಎಂದರು ಅಧಿಕಾರಿ. "ಹಳೇ ಫೋಟೋನೋ ಕಂಪ್ಲೇಂಟ್ ಕಾಪಿನೋ, ಒಂದು ಕೊಡ್ರಿ ಸಾಕು."

ಕಂಪ್ಲೇಂಟಿಗೆ ಅಡ್ಡ ನಿಂತವನು ನಾನು. ಊರಿನ ಮದುವೆ ಆಲ್ಬಮ್ಮುಗಳನ್ನೆಲ್ಲ ತಿರುವಿಹಾಕಿದೆ. ಎಲ್ಲದರಲ್ಲೂ ಕವಚ, ಹೂವು. ಅಲಂಕಾರವಿಲ್ಲದ ದೇವರ ಫೋಟೋ ತೆಗೆಯಲು ನಮ್ಮಲ್ಲಿ ಬಿಡುವುದಿಲ್ಲ.

ಆಗ ಹೊಳೆಯಿತು: ಕವಚ ಹಳೆಯ ಮೂರ್ತಿಯ ಅಳತೆಗೇ ಮಾಡಿಸಿದ್ದು.

"ಸಾರ್, ಇಲ್ಲಿ ಕವಚ ಅಳೀರಿ, ಅಲ್ಲಿ ಮೂರ್ತಿ ಅಳೀಲಿ. ಕೂಡಿದ್ರೆ ನಮ್ದು."

"ಆಫೀಸಿಗೆ ತರ್ರಿ, ಅಳೆದು ಸೀಲ್ ಹಾಕ್ತೀನಿ."

"ಕವಚ ಊರ ಗಡಿ ದಾಟಂಗಿಲ್ಲ" ಎಂದರು ಅಯ್ನೋರು. "ಪೆಟ್ಟಿಗೆ ತೆಗೆಯೋದು ಸೋಮವಾರ. ಅವ್ರೇ ಬರ್ಲಿ."

ಅಧಿಕಾರಿಗೆ ಸೋಮವಾರ ಮೀಟಿಂಗು. ಎಷ್ಟು ಸಲ ದುರ್ಗದ ಬಸ್ಸು ಹತ್ತಿದೆನೋ! ಮಂಡಿಯಲ್ಲಿ ಪಟ್ಟು ಹಿಡಿದವರನ್ನು ಒಂದು ಟೀ ಕುಡಿಸಿ ಒಪ್ಪಿಸಿದವನು ನಾನು. ಎರಡು ದೇಶ ಒಪ್ಪಿದ ಮೇಲೂ ಇವರಿಬ್ಬರನ್ನು ಒಂದು ದಿನಕ್ಕೆ ಒಪ್ಪಿಸಲಾಗಲಿಲ್ಲ. ಕೊನೆಗೆ ನಾನೇ ರಟ್ಟಿನಲ್ಲಿ ಕವಚದ ಅಳತೆ ಕತ್ತರಿಸಿ ಒಯ್ದೆ.

"ಸಾವ್ಕಾರ್ರೇ, ನಿಮ್ ರಟ್ಟಿಗೆ ಸೀಲ್ ಹಾಕಿದ್ರೆ ನನ್ ಕೆಲಸ ಹೋಗ್ತತೆ" ಎಂದು ನಕ್ಕರು. ಮುಂದಿನ ತಿಂಗಳು ಅವರಿಗೆ ವರ್ಗವಾಯಿತು. ಹೊಸದಾಗಿ ಬಂದವರು ಮೊದಲು ಕೇಳಿದ್ದೇ ಫೋಟೋ.

ನನ್ನ ಮಾತು ಕೇಳಿ. ನಿಮ್ಮೂರ ಗುಡಿಗೆ ಇವತ್ತೇ ಹೋಗಿ, ಅಲಂಕಾರಕ್ಕೆ ಮೊದಲು ಒಂದು ಫೋಟೋ ತೆಗೆಸಿಡಿ. ಅಯ್ನೋರು ಬೈದರೆ ಬೈಸಿಕೊಳ್ಳಿ. ಕಳುವಾದರೆ ಮರ್ಯಾದೆ ಗಿರ್ಯಾದೆ ನೋಡದೆ ಅವತ್ತೇ ಸ್ಟೇಷನ್ನಿಗೆ ಹೋಗಿ.

ಮೊನ್ನೆ ಸೋಮವಾರವೂ ಅಯ್ನೋರು ಹೊಸ ಮೂರ್ತಿಗೆ ಕವಚ ತೊಡಿಸಿ, ಜಾರದಂತೆ ಸಂದಿಗೆ ಬಟ್ಟೆ ತುರುಕುತ್ತಿದ್ದರು. ಬಟ್ಟೆ ಸಾಲಲಿಲ್ಲ.

"ಇನ್ನೂ ಸಡಿಲ ಐತೆ ಸಾವ್ಕಾರ್ರೇ" ಎಂದರು, ನನ್ನ ಕಡೆ ನೋಡದೆ.