ಮೆಲ್ಲದೆ ಗಂಟು ಕಟ್ಟಿದ ಎಲೆಯಡಿಕೆ

ನಮ್ಮ ಮನೆಯಲ್ಲಿ ಬಿ.ಎ. ಪಾಸಾಗುವ ಗಂಡು ಹುಟ್ಟಿಲ್ಲ, ಹುಟ್ಟುವುದೂ ಇಲ್ಲ ಎಂದದ್ದು ನನ್ನ ಸೋದರಮಾವ. ನಾನು ಮೊದಲ ಸಲ ಪರೀಕ್ಷೆಗೆ ಕಟ್ಟಿ ಇತಿಹಾಸದಲ್ಲಿ ನಪಾಸಾದಾಗ ಮಾವನ ಮಾತೇ ನಿಜವಾಯಿತು. ಇಂಗ್ಲೆಂಡಿನ ಪಾರ್ಲಿಮೆಂಟಿನಲ್ಲಿ ಯಾವ ಪಕ್ಷಕ್ಕೂ ಬಹುಮತ ಇಲ್ಲದಿದ್ದರೆ ಮಂತ್ರಿಮಂಡಲ ಹೇಗೆ ನಿಲ್ಲುತ್ತದೆ ಎಂದು ಕೇಳಿದ್ದರು. ಅರ್ಧ ಜನರೂ ತನ್ನ ಹಿಂದೆ ಇಲ್ಲದವನು ಆಳುವುದು ಹೇಗೆಂದೇ ನನಗೆ ಹೊಳೆಯಲಿಲ್ಲ. ‘ನಿಲ್ಲುವುದಿಲ್ಲ’ ಎಂದು ಒಂದೇ ಸಾಲು ಬರೆದು ಬಂದಿದ್ದೆ.

ಇನ್ನೊಂದು ಸಲ ಕಟ್ಟಬೇಕೆಂದು ಊರಿಗೆ ಬಂದು ಓದುತ್ತಾ ಕೂತೆ. ಹಿರಿಯೂರಿನ ಹತ್ತಿರದ ನಮ್ಮ ಹಳ್ಳಿಗೆ ಮಾರಿಕಣಿವೆಯ ನಾಲೆ ಆಗ ಹೊಸದು. ನೀರಿನ ಸರದಿ ಗೊತ್ತುಮಾಡಲು ಒಬ್ಬ ಯಜಮಾನ ಬೇಕಿತ್ತು. ಇದ್ದದ್ದು ಮೂರು ಕೇರಿ, ಮೂವರು ಹಿರಿಯರು. ಯಾರ ಹಿಂದೆಯೂ ಅರ್ಧ ಊರಿಲ್ಲ. ಮೂರು ದಿನ ಕೂತರೂ ಬಗೆಹರಿಯಲಿಲ್ಲ. ನಾಲ್ಕನೆಯ ದಿನ ಮೇಲುಕೇರಿಯ ಹಿರಿಯರು ಕೆಳಕೇರಿಯ ಹಿರಿಯರ ಮುಂದೆ ಎಲೆಯಡಿಕೆ ಹಿಡಿದರು. ನಮ್ಮಲ್ಲಿ ಅದನ್ನು ಮೆದ್ದರೆ ಮಾತು ಕೊಟ್ಟಂತೆ. ಕೆಳಕೇರಿಯವರು ತೆಗೆದುಕೊಂಡರು, ಮೆಲ್ಲಲಿಲ್ಲ. ಹೆಗಲ ಮೇಲಿನ ವಲ್ಲಿಯ ತುದಿಯಲ್ಲಿ ಗಂಟು ಕಟ್ಟಿಕೊಂಡರು.

“ಮೆಲ್ಲೋ ಮಾರಾಯ, ಇಸ ಹಾಕಿಲ್ಲ,” ಎಂದರು ಮೇಲುಕೇರಿಯವರು.

“ನೀನೇ ಯಜಮಾನ ಆಗು, ಬ್ಯಾಡ ಅನ್ನಲ್ಲ. ನಿನ್ನ ಜತೆ ಜಗಲಿ ಮ್ಯಾಲೆ ಕುಂತು ಯಜಮಾನಿಕೆ ಮಾತ್ರ ಮಾಡಲ್ಲ. ಈ ಸರದಿ ನಮ್ಮ ಹೊಲಕ್ಕೆ ನೀರು ಬಂದ್ರೆ ಮುಂದಿನ ಸರದೀಗೆ ಹೊಸ ಎಲೆ ಕೊಡು. ಬರದಿದ್ರೆ ಇದನ್ನೇ ನಿನ್ನ ಮುಂದೆ ಬಿಸಾಕ್ತೀನಿ, ಅಲ್ಲಿಗೆ ನಿನ್ನ ಯಜಮಾನಿಕೆ ಮುಗೀತು.”

ನಡುಕೇರಿಯ ಹಿರಿಯರು ನಕ್ಕರು. “ಬಾಡೋ ಎಲೆ ಮ್ಯಾಲೆ ಯಜಮಾನಿಕೆ! ನಡೀತೈತೇನ್ರಲೇ?”

ನಡೆಯಿತು. ಹೇಗೆ ನಡೆಯಿತೆಂದು ಈಗಲೂ ಸರಿಯಾಗಿ ಹೇಳಲಾರೆ. ಸರದಿಗೊಂದು ಹೊಸ ಎಲೆ, ಸರದಿಗೊಂದು ಹೊಸ ಜಗಳ. ತಡೆಯಲಾರದೆ ಕೆಳಕೇರಿಯ ಹಿರಿಯರನ್ನೇ ಕೇಳಿದೆ: “ಹಂಗಾರೆ ಆಳೋರು ನೀವೋ ಅವರೋ, ದೊಡ್ಡಪ್ಪ?”

“ಓದಿದೋನು ನೀನು, ನನ್ನ ಕೇಳ್ತೀಯಲ್ಲಪ್ಪ! ಅವನು ಆಳ್ತಾನೆ. ನಾನು ಬೀಳಿಸ್ದೆ ಇರ್ತೀನಿ.”

ಆ ವರ್ಷವೂ ಹೆಚ್ಚುಕಡಿಮೆ ಅದೇ ಪ್ರಶ್ನೆ ಬಂತು. ಪುಸ್ತಕದ ಉತ್ತರ ತಲೆಯಲ್ಲಿ ಕಲಸಿಹೋಗಿತ್ತು. ಆಳುವವರು ಬೇರೆ, ಬೀಳಿಸದೆ ಇರುವವರು ಬೇರೆ ಎಂದು ಶುರುಮಾಡಿ, ಎಲೆಯ ಮಾತೆತ್ತದೆ ನಾಲ್ಕು ಪುಟ ಬರೆದೆ. ಬರೆದದ್ದು ಸರಿಯೋ ತಪ್ಪೋ ತಿಳಿಯದೆ ಫಲಿತಾಂಶ ಬರುವವರೆಗೆ ಒದ್ದಾಡಿದೆ.

ಪಾಸಾಗಿದ್ದೆ. ಪದವಿಪತ್ರವನ್ನು ತಂದು ಅವ್ವನ ಕೈಗೆ ಕೊಟ್ಟೆ. ಅವಳು ಅದನ್ನು ಬಹಳ ಹೊತ್ತು ನೋಡಿ, “ಇದ್ರಾಗೆ ನಿನ್ನ ಹೆಸ್ರು ಎಲ್ಲೈತೆ, ಬೆರಳಿಟ್ಟು ತೋರ್ಸು,” ಎಂದಳು.