ಕಿಟಕಿಯಲ್ಲಿಟ್ಟ ಹಿಟ್ಟು

ನಾನು ಓದು ಬಿಟ್ಟದ್ದು ಸಾವಿರದ ಒಂಬೈನೂರ ನಲವತ್ತೊಂಬತ್ತರಲ್ಲಿ, ಆರನೇ ಕ್ಲಾಸಿನ ನಡುವೆ. ಬಡತನದಿಂದ ಬಿಟ್ಟೆ ಎಂದರೆ ಅರ್ಧ ನಿಜ; ಗಣಿತದ ಮೇಷ್ಟ್ರ ಬೆತ್ತ ಎಂದರೆ ಉಳಿದರ್ಧ. ಇದೆಲ್ಲ ಈಗ ನೆನಪಾಗುವುದಕ್ಕೆ ಕಾರಣ ಈ ಬೆಳಗಿನ ಒಂದು ವಾಸನೆ. ನಾಶಿಕದ ಡಿಸೆಂಬರ್ ಚಳಿಗೆ ಸ್ವೆಟರಿನ ಮೇಲೆ ಶಾಲು ಹೊದ್ದು ಹೋಟೆಲಿನ ಅಡುಗೆಮನೆಗೆ ಇಳಿದೆ. ದೊಡ್ಡ ಪಾತ್ರೆಯ ಮುಚ್ಚಳ ಸರಿಸಿದ್ದೇ, ಹುಳಿ ಬಂದ ಇಡ್ಲಿ ಹಿಟ್ಟಿನ ವಾಸನೆ ಮುಖಕ್ಕೆ ಬಡಿಯಿತು. ನಿಮಗದು ತಿಂಡಿಯ ವಾಸನೆ. ನನಗೆ ಬಹುಮಾನದ ವಾಸನೆ. ಹೇಗೆಂದು ಹೇಳುತ್ತೇನೆ, ಕುಳಿತುಕೊಳ್ಳಿ. ಅವಸರ ಇದ್ದವರು ಕಾಫಿ ಕುಡಿದು ಹೊರಡಬಹುದು.

ಕುಂದಾಪುರದ ಕಡೆಯಿಂದ ಬಂದ ನಾನು ಇಲ್ಲಿ ಮೊದಲು ಮಾಡಿದ್ದು ಸೋದರಮಾವನ ಹೋಟೆಲಿನಲ್ಲಿ ತಟ್ಟೆ ತೊಳೆಯುವ ಕೆಲಸ. ಆಮೇಲೆ ಟೇಬಲ್ ಒರೆಸಿದೆ, ಸಪ್ಲೈ ಮಾಡಿದೆ, ಕೊನೆಗೆ ದುಡ್ಡೆಣಿಸುವ ಗಲ್ಲೆಯಲ್ಲಿ ಕುಳಿತೆ. ಅರವತ್ತರ ದಶಕದಲ್ಲಿ ನಾಶಿಕ್ ರೋಡ್ ಸ್ಟೇಷನ್ನಿನ ಹತ್ತಿರ ನನ್ನದೇ ಬೋರ್ಡು ಹಾಕಿದೆ. ಬೆಳಿಗ್ಗೆ ಮಿಸಳ್ ಬಿಟ್ಟರೆ ಬೇರೆ ತಿಂಡಿ ಉಂಟೆಂದೇ ಒಪ್ಪದಿದ್ದ ಗಿರಾಕಿಗಳು ಎರಡನೇ ಸಲ ಸಾಂಬಾರು ಕೇಳುವ ಹಾಗೆ ಮಾಡಿದವನು ನಾನು. ಇದನ್ನು ಜಂಬ ಎಂದರೆ ನನ್ನದೇನೂ ಅಭ್ಯಂತರವಿಲ್ಲ. ಜಂಬಕ್ಕೆ ತಕ್ಕ ಬೆವರು ಸುರಿಸಿದ್ದೇನೆ.

ಆ ಬೆವರಿನಲ್ಲಿ ಅರ್ಧ ಪಾಲು ಮಂಜಣ್ಣನದು. ನಮ್ಮ ಅಡುಗೆಯವ, ನಮ್ಮ ಊರ ಕಡೆಯವನೇ, ನನಗಿಂತ ಹತ್ತು ವರ್ಷಕ್ಕೆ ದೊಡ್ಡವ. ಊರಿನಲ್ಲಿ ಹಿಟ್ಟು ರುಬ್ಬಿಟ್ಟು ಮಲಗಿದರೆ ಮುಗಿಯಿತು, ಬೆಳಗಾಗುವಾಗ ಅದು ಪಾತ್ರೆ ಬಿಟ್ಟು ಹೊರಗೆ ಬರುತ್ತದೆ. ನಾಶಿಕದ ಚಳಿಗಾಲದಲ್ಲಿ ಹಾಗಾಗುವುದಿಲ್ಲ. ಕಾರ್ತಿಕ ಕಳೆಯಿತೆಂದರೆ ಮಂಜಣ್ಣ ಪಾತ್ರೆಯನ್ನು ಒಲೆಯ ಪಕ್ಕಕ್ಕೆ ಎಳೆದು, ಗೋಣಿ ಹೊದಿಸಿ, ಹಿಂದಿನ ದಿನದ ಹಿಟ್ಟು ಬೆರೆಸಿ, ಬಾಣಂತಿಯನ್ನು ನೋಡಿಕೊಂಡ ಹಾಗೆ ನೋಡಿಕೊಳ್ಳುತ್ತಿದ್ದ. ಹಿಟ್ಟು ಉಬ್ಬದ ದಿನ ಅವನ ಮುಖವೂ ಉಬ್ಬುತ್ತಿರಲಿಲ್ಲ, ಸೂತಕದವನಂತೆ ಓಡಾಡುತ್ತಿದ್ದ.

ಭಾನುವಾರಗಳಲ್ಲಿ ನಮ್ಮಲ್ಲಿಗೆ ಮಸಾಲೆ ದೋಸೆಗೆಂದು ಬರುತ್ತಿದ್ದವರು ದೇಸಾಯಿಯವರು. ಓಝರ್‌ನ ವಿಮಾನ ಕಾರ್ಖಾನೆಯಲ್ಲಿ ಎಂಜಿನಿಯರು, ಧಾರವಾಡದವರು. ಎಪ್ಪತ್ತನೇ ಇಸವಿಯ ಮಳೆಗಾಲ ಮುಗಿದ ಒಂದು ದಿನ ಗಲ್ಲೆಯ ಮುಂದೆ ನಿಂತು ಸೋಂಪು ಅಗಿಯುತ್ತ ಕೇಳಿದರು.

“ರಾಯರ, ನಿಮ್ಮ ಹುಡುಗಿ ಸಾಲಿಗೆ ಹೋಗ್ತಾಳೇನ್ರಿ?”

“ಹೋಗ್ತಾಳೆ ಸಾರ್. ಸುಲೋಚನಾ. ಏಳನೇ ಕ್ಲಾಸು, ಮರಾಠಿ ಶಾಲೆ.”

“ಹಂಗಾರ ಐತವಾರ ನಮ್ಮ ಕಡೆ ಕಳಸ್ರಿ. ಐದನೇತ್ತೆಯಿಂದ ಏಳನೇತ್ತೆ ಮಕ್ಕಳನ್ನ ಕೂಡಿಸೀನಿ.”

“ಟ್ಯೂಷನ್ನಾ?”

“ಏ, ಟ್ಯೂಷನ್ ಅಲ್ಲೇ ಅಲ್ರಿ. ನಾ ಅಲ್ಲಿ ಏನೂ ಹೇಳಿಕೊಡೂದಿಲ್ಲ.”

ಏನೂ ಹೇಳಿಕೊಡದ ಕ್ಲಾಸು ಎಂದರೆ ನನಗೆ ತಿಂಡಿ ಇಲ್ಲದ ಹೋಟೆಲಿನಂತೆ ಕೇಳಿಸಿತು. ಆದರೂ ಕಳಿಸಿದೆ. ಕಾರ್ಖಾನೆಯ ಆಫೀಸರರ ಮಕ್ಕಳ ಜೊತೆ ನನ್ನ ಮಗಳು ಒಂದೇ ಜಮಖಾನೆಯ ಮೇಲೆ ಕೂರುತ್ತಾಳೆ ಎಂಬ ಆಸೆ ಒಂದು ಕಡೆ. ಭಾನುವಾರದ ಗಿರಾಕಿಯ ಮಾತು ಮೀರಬಾರದು ಎಂಬ ವ್ಯಾಪಾರ ಇನ್ನೊಂದು ಕಡೆ.

ಅಲ್ಲಿನ ಕಟ್ಟಳೆ ಒಂದೇ. ಪ್ರತಿಯೊಬ್ಬರೂ ತಮ್ಮ ಮನೆಯಿಂದ ಒಂದು ಪ್ರಶ್ನೆ ತರಬೇಕು. ಪುಸ್ತಕದಲ್ಲಿ ಉತ್ತರ ಇರಬಾರದು. ತಾವೇ ಮಾಡಿ ನೋಡಿ ಉತ್ತರ ಕಂಡುಕೊಳ್ಳಬೇಕು. ಜನವರಿಯಲ್ಲಿ ಔರಂಗಾಬಾದಿನಲ್ಲಿ (ಈಗ ಸಂಭಾಜಿನಗರ ಎನ್ನುತ್ತಾರೆ, ನನ್ನ ನಾಲಿಗೆಗೆ ಇನ್ನೂ ರೂಢಿಯಾಗಿಲ್ಲ) ಮಕ್ಕಳ ವಿಜ್ಞಾನ ಪ್ರದರ್ಶನ ಇತ್ತು. ಈ ಗುಂಪಿನಿಂದ ಒಂದೇ ಒಂದು ಕೆಲಸ ಅಲ್ಲಿಗೆ ಹೋಗುವುದು. ಆಫೀಸರರ ಮಕ್ಕಳು ತೆಳು ಹಲಗೆಯ ವಿಮಾನ ಮಾಡಿ, ರೆಕ್ಕೆ ಎಷ್ಟು ಅಗಲವಿದ್ದರೆ ಎಷ್ಟು ದೂರ ಹಾರುತ್ತದೆ ಎಂದು ಅಳೆಯುತ್ತಿದ್ದರು. ನನ್ನ ಮಗಳು ಒಂದು ಸಂಜೆ ಗಲ್ಲೆಗೆ ಬಂದಳು.

“ಅಪ್ಪಯ್ಯ, ಥಂಡೀತ್ ನಮ್ಮ ಹಿಟ್ಟು ಫುಗತ್ ನಾಹೀ, ಯಾಕೆ?”

ಚಳಿಯಲ್ಲಿ ಹಿಟ್ಟು ಯಾಕೆ ಉಬ್ಬುವುದಿಲ್ಲ ಎಂದು ಅವಳ ಪ್ರಶ್ನೆ. ಮನೆಯ ಕನ್ನಡ, ಬೀದಿಯ ಮರಾಠಿ ಎರಡೂ ಅವಳ ಬಾಯಲ್ಲಿ ಒಂದೇ ತಟ್ಟೆಯಲ್ಲಿ ಬರುತ್ತಿದ್ದವು. ನಾನು ಸುತ್ತ ನೋಡಿದೆ. ನಾಲ್ಕು ಟೇಬಲ್ ತುಂಬ ಗಿರಾಕಿಗಳು.

“ಮಾರಾಯ್ತಿ, ಮೆಲ್ಲ ಮಾತಾಡು! ಎದುರು ಹೋಟೆಲಿನವ ಕೇಳಿದ್ರೆ?”

“ಅವರದ್ದೂ ಫುಗತ್ ನಾಹೀ. ನಾನು ವಿಚಾರಿಸಿಕೊಂಡು ಬಂದೆ.”

ಹೀಗೆ ನನ್ನ ಹೋಟೆಲಿನ ಗುಟ್ಟು ವಿಜ್ಞಾನವಾಯಿತು.

ದೇಸಾಯಿಯವರು ಅವಳಿಗೆ ಒಂದು ಥರ್ಮಾಮೀಟರ್ ಕೊಟ್ಟರು. ಅವಳು ನಾಲ್ಕು ಗಾಜಿನ ಗ್ಲಾಸುಗಳಿಗೆ ಅಳತೆಯ ಕಾಗದ ಅಂಟಿಸಿ, ಎಲ್ಲದಕ್ಕೂ ಒಂದೇ ಹಿಟ್ಟನ್ನು ಒಂದೇ ಮಟ್ಟಕ್ಕೆ ತುಂಬಿದಳು. ಒಂದು ಒಲೆಯ ಪಕ್ಕ. ಒಂದಕ್ಕೆ ಗೋಣಿಚೀಲದ ಹೊದಿಕೆ. ಮೂರನೆಯದು ಚಹಾಪುಡಿಯ ಹಳೆಯ ಮರದ ಪೆಟ್ಟಿಗೆಯೊಳಗೆ, ಸುತ್ತಲೂ ಒಣಗಿದ ಈರುಳ್ಳಿ ಸಿಪ್ಪೆ. ಲಾಸಲಗಾಂವ್‌ನಿಂದ ಬರುತ್ತಿದ್ದ ನಮ್ಮ ಈರುಳ್ಳಿ ಚೀಲಗಳ ತಳದಲ್ಲಿ ಆ ಸಿಪ್ಪೆ ರಾಶಿ ರಾಶಿ ಸಿಗುತ್ತಿತ್ತು. ಅದನ್ನು ಬಳಸುವ ಯೋಚನೆ ಅವಳದೇ. ನಾಲ್ಕನೆಯ ಗ್ಲಾಸು ತೆರೆದ ಕಿಟಕಿಯಲ್ಲಿ, ಬರಿದೇ.

“ಈ ಕಿಟಕ್ಯಾಗಿಂದಕ್ಕ ಯಾರೂ ಕೈ ಹಚ್ಚಬಾರದವಾ,” ಎಂದು ದೇಸಾಯಿಯವರು ಅವಳಿಗೆ ಒತ್ತಿ ಹೇಳಿದ್ದರು. “ಕೆಟ್ಟರ ಕೆಡ್ಲಿ. ಉಳಿದ ಮೂರನ್ನ ಇದರ ಜೋಡಿ ಹಚ್ಚಿ ನೋಡೂದು ಐತಿ.”

ಬೆಳಿಗ್ಗೆ ನೋಡಿದರೆ ನಾಲ್ಕೂ ಗ್ಲಾಸಿನ ಹಿಟ್ಟು ಉಬ್ಬಿತ್ತು. ಕಿಟಕಿಯದು ಒಂದು ಕೂದಲೆಳೆ ಹೆಚ್ಚೇ. ಮರುದಿನ ಮತ್ತೆ ಇಟ್ಟಳು, ಅದರ ಮರುದಿನವೂ ಇಟ್ಟಳು, ಹಾಗೇ ಆಯಿತು. ನನಗೆ ಒಳಗೊಳಗೇ ಖುಷಿ, ನಮ್ಮ ಹಿಟ್ಟಿನ ತಾಕತ್ತು ನೋಡಿ ಎಂದು. ಅವಳ ಮುಖ ಮಾತ್ರ ಬಾಡಿಹೋಯಿತು. ಭಾನುವಾರ ಅವಳ ಅಂಕಿಗಳನ್ನು ನೋಡಿ ದೇಸಾಯಿಯವರು ತಲೆ ಕೆರೆದುಕೊಂಡರು.

“ಹಿಂಗಾದ್ರ ಚಳಿಗೂ ಹಿಟ್ಟಿಗೂ ಸಂಬಂಧ ಇಲ್ಲ ಅಂತ ಬರೀಬೇಕಾಗ್ತದವಾ. ಮುಂದಿನ ಐತವಾರ ಆರಿಸೂದದ. ಇಲ್ಲಾಂದ್ರ ವಿಮಾನಾನ ಕಳಸೂಣು.”

ಆಫೀಸರರೊಬ್ಬರ ಹುಡುಗ ಅಲ್ಲೇ ನಕ್ಕನಂತೆ: “ಇಡ್ಲಿ ಹಾರಲ್ಲ ಬಿಡು.”

ಅವಳು ಅಳಲಿಲ್ಲ. ನನ್ನ ಮಗಳು, ಹೇಗೆ ಅಳುತ್ತಾಳೆ? ಹೋಟೆಲಿಗೆ ಬಂದವಳು ನಾಲ್ಕೂ ಗ್ಲಾಸುಗಳನ್ನು ಒಂದೊಂದಾಗಿ ಮೂಸಿದಳು. ಕಿಟಕಿಯ ಗ್ಲಾಸಿನಲ್ಲಿ ಹುಳಿ ವಾಸನೆ ಹೆಚ್ಚು. ಅದರ ಹೊರಮೈಗೆ ಕೆಂಪು ಉಣ್ಣೆಯ ಎಳೆಯೊಂದು ಅಂಟಿಕೊಂಡಿತ್ತು. ಇಡೀ ಹೋಟೆಲಿನಲ್ಲಿ ಕೆಂಪು ಮಫ್ಲರ್ ಇದ್ದದ್ದು ಒಬ್ಬನಿಗೇ. ಅವಳು ನೇರ ಒಲೆಯ ಹತ್ತಿರ ಹೋದಳು.

“ಮಂಜಣ್ಣ ಕಾಕಾ, ಖರಂ ಸಾಂಗಾ. ನಿಜ ಹೇಳಿ. ಕಿಟಕಿಯ ಗ್ಲಾಸು ಮುಟ್ಟಿದ್ರಾ?”

“ಮುಟ್ಟದೆ ಎಂತ ಮಾಡೂದ್ ಮಗಾ?” ಮಂಜಣ್ಣ ಸಾಂಬಾರು ತಿರುಗಿಸುತ್ತಲೇ ಹೇಳಿದ. “ಉಳಿದದ್ದೆಲ್ಲ ಬೆಚ್ಚಗೆ ಕೂತಿತ್ತ್, ಅದೊಂದೇ ಚಳಿಗೆ ನಡುಗ್ತಾ ಇತ್ತ್. ಕಾಂಬುಕೆ ಆಯ್ಲಿಲ್ಲ. ನಿನ್ನೆದ್ ಹಿಟ್ಟ್ ಒಂದ್ ಚಮಚ ಹಾಕಿ, ಮಫ್ಲರ್ ಸುತ್ತಿ ಒಲೆ ಬದಿಗೆ ಇಟ್ಟೆ. ಬೆಳಿಗ್ಗೆ ವಾಪಾಸ್ ಇಟ್ಟೆ, ಅಷ್ಟೇ.”

“ದಿನಾ?”

“ದಿನಾ. ಅದೇನ್ ಒಂದ್ ದಿನದ ಕೆಲ್ಸವಾ?”

“ಕಾಕಾ, ಅದು ಉಬ್ಬಬಾರದಿತ್ತು!”

ಮಂಜಣ್ಣ ಸೌಟು ಕೆಳಗಿಟ್ಟ. “ಎಂತ ಹೇಳ್ತೆ ನೀನ್? ನನ್ ಕೈಯ ಹಿಟ್ಟ್ ಉಬ್ಬಬಾರ್ದಾ? ಔರಂಗಾಬಾದಿಗೆ ತಕಂಡ್ ಹೋಯಿ, ಕಾಣಿ, ಮಂಜಣ್ಣನ ಹಿಟ್ಟ್ ಸತ್ತ್ ಬಿದ್ದಿತ್ ಅಂದೇಳಿ ಊರಿಗೆಲ್ಲ ತೋರಿಸ್ತ್ಯಾ?”

ನಾನು ನಗುವುದೋ ಬೈಯುವುದೋ ತಿಳಿಯದೆ ಬಾಗಿಲಲ್ಲೇ ನಿಂತಿದ್ದೆ. ಒಂದು ಹಿಡಿ ಹಿಟ್ಟು ಕಣ್ಣೆದುರು ಕೆಟ್ಟುಹೋಗುವುದನ್ನು ಸುಮ್ಮನೆ ನೋಡುವ ಹೋಟೆಲಿನವನನ್ನು ನಾನು ಇವತ್ತಿಗೂ ಕಂಡಿಲ್ಲ. ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಸುಲೋಚನಾ ಅವನ ಪಕ್ಕ ಮಣೆ ಎಳೆದುಕೊಂಡು ಕುಳಿತು, ಮೊದಲಿನಿಂದ ಬಿಡಿಸಿ ಹೇಳಿದಳು. ಕಿಟಕಿಯದು ಸೋಲದಿದ್ದರೆ ಪೆಟ್ಟಿಗೆಯದು ಗೆದ್ದಿತೆಂದು ಹೇಳಲು ಬರುವುದಿಲ್ಲ ಎಂದಳು. ಅವನು ಬಹಳ ಹೊತ್ತು ಕೇಳಿದ. ಕಡೆಗೆ, “ನೋಡೂದಿಲ್ಲ ನಾನ್ ಅದ್ರ ಕಡೆ, ಆಯ್ತಲ್ದಾ?” ಎಂದ. ಆ ವಾರವಿಡೀ ಕಿಟಕಿಗೆ ಬೆನ್ನು ಹಾಕಿಯೇ ಅಡುಗೆ ಮಾಡಿದ. ಕೊತ್ತಂಬರಿ ಸೊಪ್ಪು ಆ ಬದಿಗಿದ್ದರೆ ನನ್ನನ್ನು ಕರೆದು ತರಿಸಿಕೊಳ್ಳುತ್ತಿದ್ದ.

ಈ ಸಲ ಉತ್ತರ ಸ್ಪಷ್ಟವಾಗಿ ಬಂತು. ಕಿಟಕಿಯ ಹಿಟ್ಟು ಇಟ್ಟ ಗೆರೆಯಲ್ಲೇ ಇತ್ತು. ಗೋಣಿಯದು ಸ್ವಲ್ಪ ಏರಿತ್ತು. ಈರುಳ್ಳಿ ಸಿಪ್ಪೆಯ ಪೆಟ್ಟಿಗೆಯದು ಒಲೆಯ ಪಕ್ಕದ ಗ್ಲಾಸಿಗೆ ಸರಿಸಮ, ಅದೂ ಬೆಂಕಿಯಿಲ್ಲದೆ. ದೇಸಾಯಿಯವರು ತಾವೇ ಬಂದು, ಥರ್ಮಾಮೀಟರ್ ಇಟ್ಟು ನೋಡಿ, ಔರಂಗಾಬಾದಿಗೆ ಅವಳ ಹೆಸರು ಬರೆದರು.

ಮನ್ಮಾಡ್‌ನಲ್ಲಿ ಗಾಡಿ ಬದಲಿಸಿ ಔರಂಗಾಬಾದಿಗೆ ಹೋದೆವು: ಮಗಳು, ದೇಸಾಯಿಯವರು, ನಾನು, ಮತ್ತು ಹಿಟ್ಟಿನ ಡಬ್ಬಿಯನ್ನು ಯಾರ ಕೈಗೂ ಕೊಡದೆ ತೊಡೆಯ ಮೇಲಿಟ್ಟುಕೊಂಡ ಮಂಜಣ್ಣ. ಪ್ರದರ್ಶನ ಒಂದು ಶಾಲೆಯಲ್ಲಿ. ಗಂಗಾಪುರದ ಹುಡುಗರು ಬಾವಿಯ ನೀರೆತ್ತುವ ಚಕ್ರ ತಂದಿದ್ದರು. ಕೆಲವು ಮೇಜುಗಳ ಮೇಲೆ ದೀಪ ಹತ್ತಿ ಆರುತ್ತಿತ್ತು, ಗಂಟೆ ಬಾರಿಸುತ್ತಿತ್ತು. ನಮ್ಮ ಮೇಜಿನ ಮೇಲೆ ಹಿಂದಿನ ಸಂಜೆ ಅಲ್ಲಿಯೇ ಒಲೆ, ಗೋಣಿ, ಪೆಟ್ಟಿಗೆ, ಕಿಟಕಿಗಳಲ್ಲಿ ಇಟ್ಟಿದ್ದ ನಾಲ್ಕು ಗ್ಲಾಸು.

ಪರೀಕ್ಷಕರು ಕನ್ನಡಕದ ಹಿರಿಯ ಪ್ರೊಫೆಸರರು. ಅವಳು ಮರಾಠಿಯಲ್ಲಿ ಪಟಪಟನೆ ಹೇಳಿದ್ದನ್ನೆಲ್ಲ ಕೇಳಿ, ಗೋಡೆಯ ಹಾಳೆಯತ್ತ ಕೈ ತೋರಿಸಿದರು. ಮೊದಲ ಸಲದ ಕೆಟ್ಟ ಅಂಕಿಗಳನ್ನೂ ಅವಳು ಅಲ್ಲಿ ಬರೆದು ಹಾಕಿದ್ದಳು. ಇದನ್ನು ಯಾಕೆ ಹಾಕಿದ್ದೀ, ಎಂದು ಕೇಳಿದರು.

“ಅದು ಹ್ಯಾಗೆ ಕೆಟ್ಟಿತು ಅಂತ ಹುಡುಕಿದ್ದೂ ನನ್ನ ಕೆಲಸವೇ ಸರ್,” ಎಂದಳು.

ಪ್ರೊಫೆಸರರು ಬಗ್ಗಿ ಕಿಟಕಿಯ ಗ್ಲಾಸು ಎತ್ತಿ ಅಲುಗಿಸಿದರು. ಹಿಟ್ಟಿನಲ್ಲಿ ಒಂದು ಗುಳ್ಳೆಯೂ ಇರಲಿಲ್ಲ. “ಹೇ ಪೀಠ ಕೋಣಾಚಂ?” ಈ ಹಿಟ್ಟು ಯಾರದು ಎಂದು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಮಂಜಣ್ಣ ಮುಂದೆ ಬಂದ. ಇಸ್ತ್ರಿ ಮಾಡಿದ ಅಂಗಿ, ಹಣೆಯಲ್ಲಿ ಗಂಧ. ಎದೆ ಉಬ್ಬಿಸಿ, ತನ್ನ ಮುರುಕು ಹಿಂದಿಯಲ್ಲಿ, ಇಡೀ ಕೋಣೆಗೆ ಕೇಳುವಂತೆ ಹೇಳಿದ:

“ಮೇರಾ ಸಾಹೇಬ್! ನಹೀ ಫೂಲಾ. ಫೂಲನಾ ಭೀ ನಹೀ!”

ನನ್ನದು ಸಾಹೇಬರೇ, ಉಬ್ಬಲಿಲ್ಲ, ಉಬ್ಬಲೂಬಾರದು! ಪ್ರೊಫೆಸರರು ಗಹಗಹಿಸಿ ನಕ್ಕು ಅವನ ಕೈ ಕುಲುಕಿದರು. ಸಂಜೆ ವೇದಿಕೆಯಿಂದ ಮೊದಲ ಬಹುಮಾನಕ್ಕೆ ಕೂಗಿದ ಹೆಸರು ಸುಲೋಚನಾ. ತಂದೆಯ ಉದ್ಯೋಗ ಹೋಟೆಲು ಎಂದೂ ಕೂಗಿದರು. ಆ ಶಬ್ದವನ್ನು ಮೈಕಿನಲ್ಲಿ ಅಷ್ಟು ದೊಡ್ಡದಾಗಿ ನಾನು ಕೇಳಿದ್ದು ಅದೇ ಮೊದಲು. ದೇಸಾಯಿಯವರು ನನ್ನ ಬೆನ್ನಿಗೆ ಒಂದು ಹೊಡೆತ ಹಾಕಿ, “ಹಾರ್ತು ನೋಡ್ರಿ ರಾಯರ, ನಿಮ್ಮ ಇಡ್ಲಿ!” ಎಂದರು. ಮಂಜಣ್ಣ ಅಳುತ್ತಿದ್ದ. ನಾನೂ, ಕಣ್ಣಿಗೆ ಧೂಳು ಬಿತ್ತೆಂದು ಹೇಳಿಕೊಂಡು.

ದೇಸಾಯಿಯವರಿಗೆ ವರ್ಗವಾದ ಮೇಲೆ ಕ್ಲಾಸು ನಮ್ಮ ಮಾಳಿಗೆಗೆ ಬಂತು. ಎಂ.ಎಸ್‌ಸಿ. ಮುಗಿಸಿದ ಸುಲೋಚನಾ ಅದನ್ನು ಕೈಗೆತ್ತಿಕೊಂಡವಳು ಇನ್ನೂ ಬಿಟ್ಟಿಲ್ಲ.

ಇವತ್ತೂ ಭಾನುವಾರ. ಬೆಳಿಗ್ಗೆ ಪಾತ್ರೆಯ ಮುಚ್ಚಳ ಮುಚ್ಚಿ ಹೊರಗೆ ಬಂದರೆ, ಮೆಟ್ಟಿಲಲ್ಲಿ ಕ್ಲಾಸಿಗೆ ಬಂದ ಒಂದು ಹುಡುಗಿ ನನ್ನನ್ನು ತಡೆದಳು. “ಆಜೋಬಾ, ನಿಮ್ಮ ಚಟ್ನಿ ಮಧ್ಯಾಹ್ನಕ್ಕೇ ಯಾಕೆ ಹಳಸುತ್ತೆ?” ಪಕ್ಕದ ಟೇಬಲಿನವರೆಲ್ಲ ತಿರುಗಿ ನೋಡಿದರು. ನಾನು ಯಾವತ್ತೂ ಯಾರಿಗೂ ಕೊಡದ ಅಡುಗೆಮನೆಯ ಬೀಗದ ಕೈಯನ್ನು ಸೊಂಟದಿಂದ ಬಿಚ್ಚಿ ಅವಳ ಕೈಯಲ್ಲಿಟ್ಟೆ. “ನಂಗೂ ಗೊತ್ತಿಲ್ಲ ಮಗಾ. ಹೋಗು, ಕಂಡುಹಿಡಿದು ನಂಗೂ ಹೇಳು,” ಎಂದೆ, ಗಟ್ಟಿಯಾಗಿಯೇ.

ಈಗ ನನ್ನ ಹತ್ತಿರ ಇರುವುದು ಇಷ್ಟು: ಹೋಟೆಲು ಎರಡು, ಮಕ್ಕಳು ಮೂವರು, ಮೊಮ್ಮಕ್ಕಳು ಐವರು, ನೋಯುವ ಮೊಣಕಾಲು ಎರಡು, ಮಾಳಿಗೆಯ ಮೇಲೆ ಕೋಣೆ ಒಂದು, ಅದರಲ್ಲಿ ಬೆಂಚು ಹತ್ತು, ಈ ವರ್ಷ ಅವುಗಳ ಮೇಲೆ ಕೂರುವ ಮಕ್ಕಳು ಮೂವತ್ತೆರಡು.