ಸೊರಬಕ್ಕೆ ಹೋದ ಬಾಬುಸಾಬ್

ಮೊನ್ನೆ ಬೆಳಿಗ್ಗೆ ಒಬ್ಬ ಪೊಲೀಸಪ್ಪ ನಮ್ಮ ಗೇಟಿನ ಮುಂದೆ ಬೈಕು ನಿಲ್ಲಿಸಿ, "ಪಕ್ಕದ್ಮನೆ ರುದ್ರಪ್ಪನವರು ಇಲ್ಲೇ ಇರ್ತಾರಾ ಸರ್? ಪಾಸ್‌ಪೋರ್ಟ್ ಎನ್‌ಕ್ವೈರಿ" ಎಂದ. ನನ್ನ ಬಾಯಿ ನನ್ನನ್ನು ಕೇಳದೆಯೇ "ಗೊತ್ತಿಲ್ಲಪ್ಪ" ಎನ್ನಲು ಹೊರಟಿತು. ಕಾಂಪೌಂಡ್ ಗೋಡೆಯ ಜಗಳದಿಂದಾಗಿ ರುದ್ರಪ್ಪನಿಗೂ ನನಗೂ ಎರಡು ವರ್ಷದಿಂದ ಮಾತಿಲ್ಲ, ನಿಜ. ಆದರೆ ಇದು ಆ ಸಿಟ್ಟಲ್ಲ, ಅದಕ್ಕಿಂತ ಹಳೆಯ ಚಾಳಿ. ಮಾತು ನುಂಗಿಕೊಂಡು ಪೊಲೀಸಪ್ಪನನ್ನು ಜಗಲಿಯಲ್ಲಿ ಕೂರಿಸಿ ಚಹಾಕ್ಕೆ ಹಾಲಿಟ್ಟೆ. ಹಾಲು ಕಾಯುವಷ್ಟರಲ್ಲಿ ಶಿರಾಳಕೊಪ್ಪವೆಲ್ಲ ಕಣ್ಮುಂದೆ ಬಂತು.

ಐವತ್ತರ ದಶಕದ ಕೊನೆ. ನಾನು ಅಲ್ಲಿನ ಮಿಡ್ಲ್ ಸ್ಕೂಲಿಗೆ ಹೊಸದಾಗಿ ಬಂದ ಮೇಷ್ಟ್ರು. ಇಂಗ್ಲಿಷ್ ಬರುತ್ತದೆಂಬ ಜಂಭ ಬೇರೆ. ನಮ್ಮ ಬೀದಿಯ ಟೈಲರ್ ಬಾಬುಸಾಬರನ್ನು ಎತ್ತಿ ಆಡಿಸಿ ಸಾಕಿದ್ದು ಅವರ ಅಕ್ಕ. ಆಕೆಯನ್ನು ಅವರು ಆಪಾ ಎನ್ನುತ್ತಿದ್ದರು. ಆಪಾ ಗಂಡನ ಜೊತೆ ಕರಾಚಿ ಸೇರಿಬಿಟ್ಟಿದ್ದಳು. ಈಗ ಹಾಸಿಗೆ ಹಿಡಿದಿದ್ದಾಳೆ, ತಮ್ಮನ ಮುಖ ನೋಡಬೇಕಂತೆ ಎಂದು ಕಾಗದ ಬಂತು. ಮೊದಲಾದರೆ ರೈಲು ಹತ್ತಿದ್ದರೆ ಸಾಕಿತ್ತು. ಈಗ ಪಾಸ್‌ಪೋರ್ಟು, ಅದರ ಮೇಲೆ ವೀಸಾ. ಗಡಿ ಅಂತ ಒಂದು ಗೆರೆ ಎಳೆದ ಮೇಲೆ ಅದಕ್ಕೊಂದು ಅರ್ಜಿ ಫಾರಂ ಅಚ್ಚು ಹಾಕಿಸದಿದ್ದರೆ ಸರ್ಕಾರಗಳಿಗೆ ಊಟ ಸೇರುವುದಿಲ್ಲವಲ್ಲ!

ಫಾರಂ ತುಂಬಿದ್ದು ನಾನೇ. ಗುರುತಿನ ಚಿಹ್ನೆ ಏನು ಎಂದು ಕೇಳಿದರೆ ಬಾಬುಸಾಬ್ ನಕ್ಕುಬಿಟ್ಟರು. "ನನ್ನ ಗುರ್ತು ಯಾರಿಗಿಲ್ಲ ಹೇಳ್ರಿ ಮೇಷ್ಟ್ರೇ? ಇಡೀ ಊರಿನ ಸೊಂಟದ ಅಳತೆ ನನ್ನ ತಲೇಲೈತೆ."

ಈಗ ನಮ್ಮ ಬೀದಿಯ ಒಂದು ಪದ್ಧತಿ ಹೇಳಬೇಕು. ಖಾಕಿ ಬಟ್ಟೆ ತಿರುವಿನಲ್ಲಿ ಕಂಡರೆ ಸಾಕು, ಯಾರಿಗೂ ಯಾರೂ ಗೊತ್ತಿಲ್ಲ. ಹೋಟೆಲಿನ ವೀರಭದ್ರಪ್ಪ ತನ್ನದೇ ಬೋರ್ಡಿನ ಕೆಳಗೆ ಕೂತು "ವೀರಭದ್ರಪ್ಪ ಅಂದ್ರೆ ಯಾರ್ರೀ?" ಎಂದವನು. ಇದನ್ನು ಸುಳ್ಳೆಂದು ಯಾರೂ ತಿಳಿದಿರಲಿಲ್ಲ. ನೆರೆಹೊರೆಯವರಿಗೆ ಮಾಡುವ ಉಪಕಾರ ಎಂದೇ ನಂಬಿದ್ದರು.

ಒಂದು ದಿನ ಬಾಬುಸಾಬ್ ನನ್ನ ಪ್ಯಾಂಟಿಗೆ ಅಳತೆ ತೆಗೆಯುತ್ತಿದ್ದರು. ಟೇಪು ನನ್ನ ಸೊಂಟದ ಸುತ್ತ ಇತ್ತು. ಶಿಕಾರಿಪುರದ ಕಾನ್‌ಸ್ಟೇಬಲ್ ಒಬ್ಬ ಕೈಯಲ್ಲಿ ಕಾಗದ ಹಿಡಿದು ಅಂಗಡಿಗೆ ಬಂದ.

"ಟೈಲರ್ ಬಾಬುಸಾಬ್ ಎಲ್ಲಿ?"

ನಾನು ಬಂದು ಆರು ತಿಂಗಳಾಗಿತ್ತಷ್ಟೆ, ಆದರೆ ಊರಿನ ವಿದ್ಯೆ ಪೂರಾ ಹತ್ತಿತ್ತು. "ಅವರು ಸೊರಬಕ್ಕೆ ಹೋಗ್ಯಾರೆ" ಎಂದೆ. ಬಾಬುಸಾಬ್ ಟೇಪು ಬಿಡದೆ, "ಹೌದ್ರೀ, ಯಾವಾಗ ಬರ್ತಾರೋ ಏನೋ" ಎಂದರು. ಕಾನ್‌ಸ್ಟೇಬಲ್ ಹೋದ ಮೇಲೆ ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಅರ್ಜಿ ಹಾಕಿದವನ ಮನೆಗೆ ವಿಚಾರಣೆಗೆ ಪೊಲೀಸರು ಬರುತ್ತಾರೆ ಎಂಬುದು ಇಂಗ್ಲಿಷ್ ಪಂಡಿತನಾದ ನನಗೂ ತಿಳಿದಿರಲಿಲ್ಲ.

ಎರಡು ತಿಂಗಳಾದರೂ ಸುದ್ದಿಯಿಲ್ಲ. ಶಿವಮೊಗ್ಗದ ಕಚೇರಿಗೆ ಹೋದೆವು. ಗುಮಾಸ್ತ ಫೈಲು ತೆಗೆದು ಓದಿದ: "ಅರ್ಜಿದಾರ ವಾಸಸ್ಥಳದಲ್ಲಿಲ್ಲ. ಸೊರಬದಲ್ಲಿಯೂ ಪತ್ತೆಯಿಲ್ಲ. ಈಗಾಗಲೇ ದೇಶ ಬಿಟ್ಟಿರುವ ಸಂಭವವಿದೆ."

"ಅಯ್ಯೋ, ನಿಮ್ಮ ಮುಂದೇ ನಿಂತೀನಲ್ರೀ!" ಎಂದರು ಬಾಬುಸಾಬ್.

"ಕಾಗದದಲ್ಲಿಲ್ಲವಲ್ಲ" ಎಂದ ಗುಮಾಸ್ತ. ಇದ್ದೀರೆಂದು ಅದೇ ಸ್ಟೇಷನ್ನಿನಿಂದ ಬರೆಸಿ ತನ್ನಿ ಎಂದು ಫೈಲು ಕಟ್ಟಿಟ್ಟ.

ಶಿಕಾರಿಪುರದ ಸ್ಟೇಷನ್ನಿನಲ್ಲಿ ಆ ಕಾನ್‌ಸ್ಟೇಬಲ್ ನಮ್ಮಿಬ್ಬರನ್ನೂ ನೋಡಿ ಕೆಂಡವಾದ. "ಸೊರಬದ ಬಸ್ ಸ್ಟ್ಯಾಂಡಿಂದ ಪ್ಯಾಟೆ ತನಕ ಒಂದ್ ಹೊಲಿಗೆ ಮಿಷನ್ ಬಿಡದಂಗೆ ಕೇಳೀನಿ. ನೀನೇ ಬಾಬುಸಾಬ್ ಏನೋ?"

"ಅವರದೇನೂ ತಪ್ಪಿಲ್ಲ, ಮೊದಲು ಹೇಳಿದ್ದು ನಾನು" ಎಂದೆ. ಮೇಷ್ಟ್ರಾದವನು ಮಕ್ಕಳಂತೆ ಕೈಕಟ್ಟಿ ನಿಂತು ಬೈಸಿಕೊಂಡೆ. ಅವನು ಬರೆದುಕೊಟ್ಟ. ಆದರೂ ಫೈಲು ಮತ್ತೆ ಮೊದಲಿನಿಂದ ನಡೆಯಬೇಕಾಯಿತು. ಪಾಸ್‌ಪೋರ್ಟು, ವೀಸಾ ಎರಡೂ ಕೈಗೆ ಬರುವ ಹೊತ್ತಿಗೆ ಇನ್ನೂ ನಾಲ್ಕು ತಿಂಗಳು.

ವೀಸಾ ಬರುವುದಕ್ಕೆ ಒಂದು ವಾರ ಮುಂಚೆ ಕರಾಚಿಯಿಂದ ಕಾಗದ ಬಂತು. ಆಪಾ ಇಲ್ಲ ಎಂದು ಬರೆದಿತ್ತು.

ನಾನು ಅಂಗಡಿಗೆ ಹೋದೆ. ಬಾಬುಸಾಬ್ ಅಕ್ಕನಿಗೆಂದು ಹೊಲಿದಿದ್ದ ಹಸಿರು ಕುರ್ತಾವನ್ನು ಮಡಿಚಿ ಪೆಟ್ಟಿಗೆಗೆ ಇಡುತ್ತಿದ್ದರು.

"ಆದ್ರೂ ಹೋಗ್ತೀರಾ?" ಎಂದೆ.

"ಹೋಗಿ ನೋಡ್ಕಂಡ್ ಬರ್ತೀನಿ ಮೇಷ್ಟ್ರೇ. ಇಲ್ಲ ಅಂತ ಬರ್ದಾರೆ, ಹೌದು. ಆವತ್ತು ಪೊಲೀಸಂಗೆ ನಾವೂ ಹಂಗೇ ಹೇಳಿದ್ವಲ್ಲ? ನಾನು ಇದ್ದೆ."

ಅವರು ಹೋದರು, ತಿಂಗಳಾದ ಮೇಲೆ ತಿರುಗಿ ಬಂದರು. ಪೆಟ್ಟಿಗೆಯಲ್ಲಿ ಕುರ್ತಾ ಹಾಗೇ ಇತ್ತು. ನನ್ನ ಮೇಲೆ ಕೊನೆಯವರೆಗೂ ಒಂದು ಆಕ್ಷೇಪದ ಮಾತೂ ಆಡಲಿಲ್ಲ, ಪುಣ್ಯಾತ್ಮ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಹಾಲು ಉಕ್ಕಿ ಒಲೆಯೆಲ್ಲ ಚೆಲ್ಲಿತು. ಚಹಾ ಬಿಟ್ಟು ಹೊರಗೆ ಬಂದೆ. ರುದ್ರಪ್ಪ ಎಲ್ಲಿಗೆ ಹೋಗುತ್ತಾನೋ, ಯಾರು ಕಾಯುತ್ತಿದ್ದಾರೋ, ನನಗೆ ಗೊತ್ತಿಲ್ಲ.

"ಇದ್ದಾರೆ ಕಣಪ್ಪ" ಎಂದೆ, ಬೀದಿಗೆಲ್ಲ ಕೇಳುವಂತೆ. "ಇಲ್ಲೇ ಇದ್ದಾರೆ. ಎಲ್ಲಿಗೂ ಹೋಗಿಲ್ಲ. ಬೇಗ ಬರಕೋ, ಎಲ್ಲಿ ಸಹಿ ಹಾಕ್ಲಿ?"